ಪಿಯೇರ್ ಲೆವೆಗ್: ಓಡಿಸಿದವನ ಬದುಕು, ನೋಡಲು ಬಂದವರ ಸಾವು

ಕಳೆದ ಬೇಸಗೆ ರಜೆಯಲ್ಲಿ ನಾವು ಕೊಲ್ಹಾಪುರ ಜಿಲ್ಲೆಯ ಉತ್ತೂರಕ್ಕೆ ಹೋಗಿದ್ದೆವು. ಗಡಹಿಂಗ್ಲಜದ ಕಡೆಯ ಈ ಊರಿನಲ್ಲಿ, ನಮ್ಮೊಡನೆ ಟಿ.ಸಿ.ಎಚ್. ತರಬೇತಿ ಪಡೆದ ಸ್ನೇಹಿತರೊಬ್ಬರ ಅಕ್ಕನ ಮನೆಯಿದೆ. ನಮ್ಮಲ್ಲಿ ಹೊರಗೆ ಮಲಯಾಳ, ಮನೆಯೊಳಗೆ ಕನ್ನಡವೋ ತುಳುವೋ ಇರುವಂತೆ ಆ ಮನೆಯವರಿಗೆ ಪೇಟೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ಊಟಕ್ಕೆ ಕುಳಿತಾಗ ಶಾಲೆ, ಪಠ್ಯಪುಸ್ತಕ, ಅಧ್ಯಾಪಕರ ನೇಮಕಾತಿ ಎಂದು ಅವರು ಹೇಳಿಕೊಂಡ ಕಷ್ಟಗಳೆಲ್ಲ ನಮ್ಮವೇ ಆಗಿದ್ದುವು. ಆದರೆ ಇಂದು ಹೇಳಹೊರಟಿರುವುದು ಆ ವಿಷಯವಲ್ಲ.

ಮರುದಿನ ಸಾಯಂಕಾಲ ಸ್ವಲ್ಪ ದೂರದ ಹಳ್ಳಿಯೊಂದರ ಬಯಲಿನಲ್ಲಿ ಟ್ರ್ಯಾಕ್ಟರ್ ಶರ್ಯತ್ತು ಇದೆಯೆಂದು ಮನೆಯ ಮಕ್ಕಳು ನಮ್ಮನ್ನು ಕರೆದೊಯ್ದರು. ಆ ಸೀಮೆಯಲ್ಲಿ ಪಂದ್ಯಕ್ಕೆ ಶರ್ಯತ್ತು ಎಂದೇ ಹೇಳುವುದು. ಎತ್ತಿನ ಚಕ್ಕಡಿಯ ಶರ್ಯತ್ತು ಹಳೆಯದು, ಟ್ರ್ಯಾಕ್ಟರಿನದು ಹೊಸತು. ಟ್ರ್ಯಾಕ್ಟರಿಗೆ ಟ್ರಾಲಿ ಕಟ್ಟಿ, ಗೆರೆ ತಪ್ಪದಂತೆ ಅದನ್ನು ಹಿಮ್ಮುಖವಾಗಿ ಎಲ್ಲರಿಗಿಂತ ಬೇಗ ಓಡಿಸಬೇಕು. ನೋಡಲು ನಿಜಕ್ಕೂ ಚೆನ್ನಾಗಿರುತ್ತದೆ. ಹದಿಹರೆಯದ ಹುಡುಗರೂ ಆ ಭಾರದ ಬಂಡಿಯನ್ನು ದನ ಅಟ್ಟಿದಷ್ಟು ಸಲೀಸಾಗಿ ಹಿಂದಕ್ಕೆ ಅಟ್ಟುತ್ತಾರೆ. ಕಬ್ಬು ಕಡಿದ ಆ ಗದ್ದೆಯ ಎರಡೂ ಬದಿಗೆ ಒಂದೊಂದು ಹಗ್ಗ ಎಳೆದಿದ್ದರು. ಜನ ಹಗ್ಗದ ಹೊರಗಿದ್ದಷ್ಟೇ ಒಳಗೂ ಇದ್ದರು.

ನಮ್ಮ ಜತೆ ಬಂದ ಎಂಟು ಒಂಬತ್ತು ವರ್ಷದ ಹುಡುಗ ಮೊಬೈಲಿನಲ್ಲಿ ಚಿತ್ರ ತೆಗೆಯಲೆಂದು ಹಗ್ಗದಡಿಯಿಂದ ನುಸುಳಿ ಮುಂದೆ ಹೋದ. ಪಕ್ಕದಲ್ಲಿದ್ದ ಮುದುಕರೊಬ್ಬರು ಅವನ ಅಂಗಿಯ ಕೊರಳುಪಟ್ಟಿ ಹಿಡಿದು ಹಿಂದಕ್ಕೆ ಸೆಳೆದರು. ಮರುಕ್ಷಣ ಟ್ರಾಲಿಯ ಬಾಲ ಓರೆಯಾಗಿ ತಿರುಗಿ ಅವನು ನಿಂತಿದ್ದ ಜಾಗವನ್ನು ಸವರಿಕೊಂಡು ಹೋಯಿತು. ಏನೂ ಆಗಲಿಲ್ಲ. ಎಲ್ಲರೂ ನಕ್ಕರು, ನಾವೂ ನಕ್ಕೆವು. ರಾತ್ರಿ ಮಲಗಿದಾಗ ಮಾತ್ರ ನಗು ಬರಲಿಲ್ಲ.

ಆ ರಾತ್ರಿ ನಮಗೆ ನೆನಪಾದದ್ದು, 1955ರಲ್ಲಿ ಸತ್ತ ಒಬ್ಬ ಫ್ರೆಂಚ್ ಚಾಲಕನ ಕಥೆ. ಮೋಟಾರು ಓಟದ ಚರಿತ್ರೆಯನ್ನು ಬಲ್ಲವರಿಗೆಲ್ಲ ಆತನ ಹೆಸರು ಗೊತ್ತು. ಆದರೆ ಗೆದ್ದವನೆಂದು ಅಲ್ಲ. ಎಂಬತ್ತಕ್ಕೂ ಹೆಚ್ಚು ಪ್ರೇಕ್ಷಕರ ಸಾವಿನೊಂದಿಗೆ ಆತನ ಹೆಸರು ಅಂಟಿಕೊಂಡಿದೆ. ಆ ಅಂಟು ನ್ಯಾಯವೇ ಎಂಬುದನ್ನು ವಾಚಕರು ಆತನ ಬದುಕನ್ನು ನೋಡಿ ತಾವೇ ತೀರ್ಮಾನಿಸಬೇಕು.

ಎರವಲು ಪಡೆದ ಹೆಸರು

ಪಿಯೇರ್ ಲೆವೆಗ್ ಎಂಬುದು ಆತನ ಹುಟ್ಟು ಹೆಸರಲ್ಲ. 1905ರ ದಶಂಬರ 22ರಂದು ಪ್ಯಾರಿಸ್ಸಿನಲ್ಲಿ ಹುಟ್ಟಿದಾಗ ಆತ ಪಿಯೇರ್ ಬುಯಾಂ. ಆತನ ಬಂಧುವರ್ಗದಲ್ಲಿ ಆಲ್ಫ್ರೆಡ್ ವೆಲ್ಗ್ ಎಂಬ ಹಿರಿಯನೊಬ್ಬನಿದ್ದ. ಮೋಟಾರು ಕಾರು ಇನ್ನೂ ಕುತೂಹಲದ ವಸ್ತುವಾಗಿದ್ದ ಕಾಲದ ಓಟಗಾರ ಆತ. ತನ್ನ ಹೆಸರಿನ ಅಕ್ಷರಗಳನ್ನೇ ಹಿಂದುಮುಂದು ಮಾಡಿ ಲೆವೆಗ್ ಎಂದು ಇಟ್ಟುಕೊಂಡು, 1900ರಲ್ಲಿ ಪ್ಯಾರಿಸ್ಸಿನಿಂದ ತುಲೂಸಿಗೆ ಹೋಗಿ ಹಿಂದಿರುಗುವ ಓಟವನ್ನು ಮೋರ್ಸ್ ಕಾರಿನಲ್ಲಿ ಗೆದ್ದಿದ್ದ. 1904ರಲ್ಲಿ ತೀರಿಕೊಂಡ. ಮರುವರ್ಷ ಹುಟ್ಟಿದ ಹುಡುಗ ದೊಡ್ಡವನಾದಾಗ, ತಾನು ಕಣ್ಣಾರೆ ಕಾಣದ ಆ ಹಿರಿಯನ ಓಟದ ಹೆಸರನ್ನು ತನ್ನದಾಗಿ ಮಾಡಿಕೊಂಡ.

ಆ ಹಿರಿಯನ ಕಾಲದ ಓಟಗಳು ನಡೆಯುತ್ತಿದ್ದುದು ಊರಿಂದೂರಿಗೆ ಹೋಗುವ ಸಾರ್ವಜನಿಕ ರಸ್ತೆಗಳಲ್ಲಿ. ಧೂಳಿನ ಮೋಡದ ನಡುವೆ ಕಾರು ಬರುತ್ತಿತ್ತು. ರಸ್ತೆಯ ಎರಡೂ ಬದಿಗೆ ಹೆಂಗಸರು, ಮಕ್ಕಳು, ದನಗಳು. 1903ರಲ್ಲಿ ಪ್ಯಾರಿಸ್ಸಿನಿಂದ ಮ್ಯಾಡ್ರಿಡ್ಡಿಗೆ ಹೊರಟ ಓಟದಲ್ಲಿ ಚಾಲಕರೂ ನೋಡಲು ನಿಂತವರೂ ಸತ್ತರು. ರೆನೋ ಕಾರಿನ ಸಹೋದರರಲ್ಲಿ ಒಬ್ಬನಾದ ಮಾರ್ಸೆಲ್ ರೆನೋ ಸತ್ತದ್ದು ಅದರಲ್ಲೇ. ಸರಕಾರ ಮಧ್ಯೆ ಪ್ರವೇಶಿಸಿ ಓಟವನ್ನು ಬೋರ್ಡೋ ಪಟ್ಟಣದಲ್ಲಿಯೇ ನಿಲ್ಲಿಸಿತು. ಪಿಯೇರ್ ಹುಟ್ಟುವುದಕ್ಕೆ ಎರಡು ವರ್ಷ ಮೊದಲೇ, ಜನರನ್ನು ದಾರಿಯಿಂದ ದೂರ ಇಡಬೇಕೆಂಬ ಪಾಠ ಹೀಗೆ ಲೋಕದ ಮುಂದೆ ಬಂದಿತ್ತು.

ಬಹುಮುಖಿ ಆಟಗಾರ

ಲೆವೆಗ್ ಬರಿಯ ಮೋಟಾರಿನವನಲ್ಲ. ಹಿಮದ ಮೇಲಿನ ಹಾಕಿ ಮತ್ತು ಟೆನ್ನಿಸ್ ಆಟಗಳಲ್ಲೂ ಉತ್ತಮ ಮಟ್ಟದ ಆಟಗಾರನಾಗಿದ್ದ. ಆದರೆ ಮನಸ್ಸು ಸೋತದ್ದು ಫ್ರಾನ್ಸಿನ ಲೆ ಮಾನ್ ಪಟ್ಟಣದ ಓಟಕ್ಕೆ. ಅದು 1923ರಲ್ಲಿ ಆರಂಭವಾದ, ಇಪ್ಪತ್ತನಾಲ್ಕು ಗಂಟೆಗಳ ಓಟ. ಒಂದು ಸಾಯಂಕಾಲ ಹೊರಟ ಕಾರು ಮರುದಿನ ಸಾಯಂಕಾಲದವರೆಗೆ, ಸುಮಾರು 13.5 ಕಿಲೋಮೀಟರ್ ಉದ್ದದ ಸುತ್ತನ್ನು ಸುತ್ತುತ್ತಲೇ ಇರಬೇಕು. ಆ ಕಾಲದಲ್ಲಿ ಒಂದು ಕಾರಿಗೆ ಇಬ್ಬರು ಚಾಲಕರು. ಒಬ್ಬ ದಣಿದಾಗ ಇನ್ನೊಬ್ಬ. ಅತಿ ಹೆಚ್ಚು ದೂರ ಸಾಗಿದವನೇ ಗೆದ್ದಂತೆ. ನಮ್ಮೂರಿನ ಕೆಲವು ಯಕ್ಷಗಾನ ಪ್ರೇಮಿಗಳು ರಾತ್ರಿಯಿಡೀ ಆಟ ನೋಡಿ ಬೆಳಿಗ್ಗೆ ಮನೆಗೆ ಬರುವಂತೆ, ಲಕ್ಷಗಟ್ಟಲೆ ಜನ ಬುತ್ತಿ ಕಟ್ಟಿಕೊಂಡು ಬಂದು ರಾತ್ರಿಯಿಡೀ ಅಲ್ಲೇ ಕಳೆಯುತ್ತಿದ್ದರು.

1938ರಲ್ಲಿ ಲೆವೆಗ್ ಮೊದಲ ಬಾರಿ ಈ ಓಟದಲ್ಲಿ ಪಾಲುಗೊಂಡ. ನಡುವೆ ಮಹಾಯುದ್ಧ ಬಂದು ಹಲವು ವರ್ಷ ಓಟವೇ ನಡೆಯಲಿಲ್ಲ. ಯುದ್ಧ ಮುಗಿದ ಮೇಲೆ, 1950 ಮತ್ತು 51ರಲ್ಲಿ, ಆಗಷ್ಟೇ ಆರಂಭವಾಗಿದ್ದ ವಿಶ್ವ ಚಾಂಪಿಯನ್‌ಶಿಪ್ಪಿನ ಆರು ಓಟಗಳಲ್ಲಿ ಟಾಲ್ಬೊ ಕಾರು ಓಡಿಸಿದ. ಒಂದು ಅಂಕವೂ ಸಿಗಲಿಲ್ಲ. 1951ರ ಲೆ ಮಾನ್ ಓಟದಲ್ಲಿ ನಾಲ್ಕನೆಯವನಾದ. ಆತನಿಗೆ ಆಗ ನಲುವತ್ತೈದು ವರ್ಷ. ಸಾಮಾನ್ಯವಾಗಿ ಈ ವಯಸ್ಸಿಗೆ ಓಟಗಾರರು ಮನೆ ಸೇರುತ್ತಾರೆ. ಆದರೆ ಲೆವೆಗ್ ಹಟ ಬಿಡಲಿಲ್ಲ.

ಒಂದು ಗಂಟೆಯ ದೂರದಲ್ಲಿ ತಪ್ಪಿದ ಗೆಲುವು

1952ರ ಓಟ ಆತನ ಬದುಕಿನ ದೊಡ್ಡ ಅಧ್ಯಾಯ. ತನ್ನ ಹೆಸರಿನಲ್ಲೇ ಇಳಿಸಿದ ಟಾಲ್ಬೊ ಕಾರು. ಎದುರಿಗೆ ಜರ್ಮನಿಯ ಮರ್ಸಿಡಿಸ್ ಕಂಪೆನಿ ತನ್ನೆಲ್ಲ ಸಲಕರಣೆಗಳೊಂದಿಗೆ ಬಂದಿತ್ತು. ಯುದ್ಧ ಮುಗಿದು ಏಳೇ ವರ್ಷವಾಗಿದ್ದ ಕಾಲ. ಫ್ರೆಂಚರ ನೆಲದಲ್ಲಿ ಜರ್ಮನ್ ಕಾರು ಗೆಲ್ಲುವುದೆಂದರೆ ನೋಡುವವರಿಗೆ ಹೇಗಿದ್ದೀತು ಎಂದು ಊಹಿಸಬಹುದು. ಎದುರಾಳಿಗಳು ಒಬ್ಬೊಬ್ಬರಾಗಿ ಕೆಟ್ಟು ನಿಂತ ಮೇಲೆ ರಾತ್ರಿಯಲ್ಲಿ ಲೆವೆಗ್ ಮುಂದಾದ. ಬೆಳಗಾದಾಗ ಮರ್ಸಿಡಿಸ್ ಕಾರುಗಳಿಗಿಂತ ಹಲವು ಸುತ್ತು ಮುಂದಿದ್ದ.

ಆತನ ಜತೆಗಾರ ರೆನೆ ಮಾರ್ಶಾಂ ತನ್ನ ಸರದಿಗಾಗಿ ಕಾದೇ ಇದ್ದ. ಲೆವೆಗ್ ಚಕ್ರ ಬಿಟ್ಟುಕೊಡಲಿಲ್ಲ. ಇಂಜಿನಿನಲ್ಲಿ ಒಂದು ಅಸಹಜವಾದ ನಡುಕ ಆತನ ಅನುಭವಕ್ಕೆ ಬಂದಿತ್ತು. ಅದನ್ನು ಹದವರಿತು ನಡೆಸಲು ತನ್ನಿಂದ ಮಾತ್ರ ಸಾಧ್ಯವೆಂದು ಆತ ನಂಬಿದ್ದ. ಊಟವಿಲ್ಲ, ನಿದ್ದೆಯಿಲ್ಲ, ಸುಮಾರು ಇಪ್ಪತ್ತಮೂರು ಗಂಟೆಗಳ ಕಾಲ ಒಬ್ಬನೇ ಓಡಿಸಿದ. ಕೊನೆಗೆ, ಓಟ ಮುಗಿಯಲು ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಸಮಯ ಇರುವಾಗ ಇಂಜಿನು ಮುರಿಯಿತು. ಮರ್ಸಿಡಿಸ್ ಕಾರುಗಳು ಮೊದಲನೆಯ ಮತ್ತು ಎರಡನೆಯ ಸ್ಥಾನ ಪಡೆದುವು. ದಣಿವಿನಲ್ಲಿ ಗೇರು ತಪ್ಪಿಸಿ ತಾನೇ ಕಾರನ್ನು ಕೆಡಿಸಿದನೆಂದು ಕೆಲವರು ದೂರಿದರು. ಮೊದಲಿನಿಂದಲೂ ಇದ್ದ ದೋಷವೇ ಕಾರಣವೆಂದು ಇತರರು ವಾದಿಸಿದರು. ಏನೇ ಇರಲಿ, ಒಬ್ಬನೇ ಅಷ್ಟು ಹೊತ್ತು ಓಡಿಸುವುದಕ್ಕೆ ಮುಂದಿನ ಕಾಲದ ನಿಯಮಗಳು ಆಸ್ಪದ ಕೊಡಲಿಲ್ಲ. ದಣಿದ ಚಾಲಕ ತನಗೊಬ್ಬನಿಗೆ ಮಾತ್ರ ಅಪಾಯವಲ್ಲ ಎಂಬುದನ್ನು ನಡೆಸುವವರು ಒಪ್ಪಿಕೊಂಡರು.

ಎದುರಾಳಿಯ ಆಹ್ವಾನ

ಅಂದು ಸೋಲಿನ ಅಂಚಿನವರೆಗೂ ಹೋಗಿ ಬಂದ ಮರ್ಸಿಡಿಸ್ ತಂಡದ ಮುಖ್ಯಸ್ಥ ಆಲ್ಫ್ರೆಡ್ ನಾಯ್‌ಬವರ್ ಆ ಫ್ರೆಂಚನನ್ನು ಮರೆಯಲಿಲ್ಲ. 1955ರಲ್ಲಿ ತನ್ನ ತಂಡಕ್ಕೇ ಆತನನ್ನು ಕರೆದ. ಆ ತಂಡದಲ್ಲಿ ವಿಶ್ವವಿಖ್ಯಾತ ಚಾಲಕ ಅರ್ಜೆಂಟೀನದ ಫಾಂಜಿಯೊ ಇದ್ದ. ಇಂಗ್ಲೆಂಡಿನ ಸ್ಟರ್ಲಿಂಗ್ ಮಾಸ್ ಇದ್ದ. ಲೆವೆಗನ ಕಾರಿಗೆ ಜತೆಗಾರನಾಗಿ ಬಂದವನು ಅಮೆರಿಕದ ಜಾನ್ ಫಿಚ್. ಯುದ್ಧಕಾಲದಲ್ಲಿ ವಿಮಾನ ಹಾರಿಸಿದ್ದ ವ್ಯಕ್ತಿ. ಈ ಫಿಚ್‌ನ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಕಥೆಯ ಕೊನೆಗೆ ಆತ ಮತ್ತೆ ಬರುತ್ತಾನೆ.

ನಲುವತ್ತೊಂಬತ್ತರ ಲೆವೆಗನಿಗೆ ಇದು ದೊಡ್ಡ ಗೌರವ. ಮೂರು ವರ್ಷದ ಹಿಂದೆ ಕೈತಪ್ಪಿದ್ದನ್ನು ಪಡೆಯುವ ಕೊನೆಯ ಅವಕಾಶವೂ ಹೌದು. ಆದರೆ ಅಭ್ಯಾಸದ ದಿನಗಳಲ್ಲಿ ಆತನ ಮನಸ್ಸಿಗೆ ನೆಮ್ಮದಿಯಿರಲಿಲ್ಲ. ಕಾರುಗಳು ನಿಲ್ಲುವ ತಾಣದ ಎದುರಿನ ರಸ್ತೆ ಈ ವೇಗಕ್ಕೆ ತೀರಾ ಇಕ್ಕಟ್ಟಾಯಿತೆಂದು ಆತ ಹೇಳಿದ್ದನ್ನು ಫಿಚ್ ಬಹಳ ವರ್ಷಗಳ ನಂತರವೂ ನೆನಪಿಸಿಕೊಳ್ಳುತ್ತಿದ್ದ.

ಆ ಇಕ್ಕಟ್ಟು ಏನೆಂಬುದನ್ನು ಸ್ವಲ್ಪ ವಿವರಿಸಬೇಕು. ಪೆಟ್ರೋಲು ತುಂಬಿಸಲು, ಗಾಲಿ ಬದಲಿಸಲು, ಚಾಲಕರು ಅದಲುಬದಲಾಗಲು ಕಾರು ನಿಲ್ಲುವ ತಾಣಕ್ಕೆ ಪಿಟ್ ಎನ್ನುತ್ತಾರೆ. ಲೆ ಮಾನ್‌ನಲ್ಲಿ ಆಗ ಪಿಟ್ ತಾಣಕ್ಕೂ ಓಟದ ರಸ್ತೆಗೂ ನಡುವೆ ಗೋಡೆಯಿರಲಿಲ್ಲ, ಬೇಲಿಯೂ ಇರಲಿಲ್ಲ. ಹೆದ್ದಾರಿಯಲ್ಲಿ ನಿಲ್ದಾಣವಿಲ್ಲದ ಕಡೆ ಬಸ್ಸು ರಸ್ತೆಯ ಮೇಲೆಯೇ ನಿಂತು ಜನರನ್ನು ಹತ್ತಿಸಿಕೊಳ್ಳುವುದನ್ನು ನಾವೆಲ್ಲ ಕಂಡಿದ್ದೇವೆ. ಹಿಂದಿನಿಂದ ಲಾರಿ ಬರುತ್ತಿರುತ್ತದೆ. ಅಲ್ಲಿಯ ಸ್ಥಿತಿಯೂ ಅದೇ. ರಸ್ತೆಯ ಬಲಕ್ಕೆ ಪಿಟ್. ಎಡಕ್ಕೆ ಸುಮಾರು ನಾಲ್ಕಡಿ ಎತ್ತರದ ಮಣ್ಣಿನ ದಿಣ್ಣೆ. ದಿಣ್ಣೆಯ ಆಚೆ ಜನ, ಭುಜಕ್ಕೆ ಭುಜ ತಾಗಿಸಿಕೊಂಡು. ಹಿಂದೆ ನಿಂತವರು ಕಾಣಿಸುವುದಿಲ್ಲವೆಂದು ಏಣಿ, ಮೇಜು, ಪೆಟ್ಟಿಗೆಗಳನ್ನು ತಂದು ಅವುಗಳ ಮೇಲೆ ಹತ್ತಿದ್ದರು.

ಇಲ್ಲಿ ಒಂದು ಲೆಕ್ಕ. 1923ರಲ್ಲಿ ಗೆದ್ದ ಕಾರಿನ ಸರಾಸರಿ ವೇಗ ಗಂಟೆಗೆ 92 ಕಿಲೋಮೀಟರ್. 1955ರಲ್ಲಿ ಗೆದ್ದ ಕಾರಿನದು 172. ನೇರ ದಾರಿಯಲ್ಲಿ ಅವು ಅದಕ್ಕಿಂತ ಎಷ್ಟೋ ಹೆಚ್ಚು ವೇಗದಲ್ಲಿ ಹೋಗುತ್ತಿದ್ದುವು. ವೇಗ ಎರಡು ಪಟ್ಟಾದರೆ ನಿಲ್ಲಿಸಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆಂದು ನಾವು ಒಂಬತ್ತನೆಯ ತರಗತಿಯ ಮಕ್ಕಳಿಗೆ ಕರಿಹಲಗೆಯಲ್ಲಿ ಬರೆದು ತೋರಿಸುತ್ತೇವೆ. ಕಾರು ಬೆಳೆಯಿತು, ಪಿಟ್ ತಾಣದ ರಸ್ತೆ ಮತ್ತು ಜನರ ಮುಂದಿನ ದಿಣ್ಣೆ ಹಳೆಯ ಕಾಲದಲ್ಲೇ ಉಳಿದುವು.

1955ರ ಜೂನ್ 11

ಅಂದು ಶನಿವಾರ. ಸಂಜೆ ನಾಲ್ಕಕ್ಕೆ ಓಟ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಜನ ಸೇರಿದ್ದರು. ಮೊದಲ ಎರಡು ಗಂಟೆಗಳಲ್ಲಿ ಜಾಗ್ವಾರ್ ಕಾರಿನ ಇಂಗ್ಲಿಷ್ ಚಾಲಕ ಮೈಕ್ ಹಾಥಾರ್ನ್‌ಗೂ ಮರ್ಸಿಡಿಸ್‌ನ ಫಾಂಜಿಯೊಗೂ ಇಪ್ಪತ್ತನಾಲ್ಕು ಗಂಟೆಯ ಓಟವೆಂಬುದನ್ನೇ ಮರೆತಂತೆ ತೀವ್ರವಾದ ಪೈಪೋಟಿ ನಡೆಯಿತು.

ಆರು ಗಂಟೆ ಇಪ್ಪತ್ತಾರು ನಿಮಿಷದ ಹೊತ್ತಿಗೆ ಹಾಥಾರ್ನ್ ಪೆಟ್ರೋಲು ತುಂಬಿಸಲು ಪಿಟ್ ತಾಣಕ್ಕೆ ಬರಬೇಕಾಗಿತ್ತು. ಮುಂದೆ ನಿಧಾನವಾಗಿ ಹೋಗುತ್ತಿದ್ದ ಲಾನ್ಸ್ ಮ್ಯಾಕ್ಲಿನ್‌ನ ಆಸ್ಟಿನ್-ಹೀಲಿ ಕಾರನ್ನು ದಾಟಿ, ಬಲಕ್ಕೆ ಸರಿದು, ಬ್ರೇಕು ಒತ್ತಿದ. ಜಾಗ್ವಾರಿಗೆ ಆಗಿನ ಹೊಸ ಮಾದರಿಯ ಡಿಸ್ಕ್ ಬ್ರೇಕು. ಕಾರು ಥಟ್ಟನೆ ನಿಧಾನಿಸಿತು. ಹಿಂದಿದ್ದ ಮ್ಯಾಕ್ಲಿನ್ ತಾನೂ ಬ್ರೇಕು ಒತ್ತಿ, ಡಿಕ್ಕಿ ತಪ್ಪಿಸಲು ಎಡಕ್ಕೆ ತಿರುಗಿದ. ಅದೇ ಎಡದಿಂದ ಲೆವೆಗ್ ಗಂಟೆಗೆ ಸುಮಾರು 240 ಕಿಲೋಮೀಟರ್ ವೇಗದಲ್ಲಿ ಬರುತ್ತಿದ್ದ. ಎಂದರೆ ಒಂದು ಸೆಕೆಂಡಿಗೆ 66 ಮೀಟರಿಗಿಂತ ಹೆಚ್ಚು. ಯೋಚಿಸಲು ಸಮಯವೆಲ್ಲಿ?

ಲೆವೆಗನ ಹಿಂದೆಯೇ ಫಾಂಜಿಯೊ ಬರುತ್ತಿದ್ದ. ಆ ಕೊನೆಯ ಕ್ಷಣದಲ್ಲಿ ಲೆವೆಗ್ ಕೈಯೆತ್ತಿ ತನಗೆ ಎಚ್ಚರಿಕೆ ಕೊಟ್ಟನೆಂದೂ ತಾನು ಉಳಿದದ್ದು ಅದರಿಂದಲೇ ಎಂದೂ ಫಾಂಜಿಯೊ ಕೊನೆಯವರೆಗೆ ನಂಬಿದ್ದ. ಆತ ಆ ಗೊಂದಲದ ನಡುವಿನಿಂದ ಹೇಗೋ ನುಸುಳಿ ಪಾರಾದ.

ಲೆವೆಗನ ಕಾರು ಮ್ಯಾಕ್ಲಿನ್‌ನ ಕಾರಿನ ಇಳಿಜಾರಾದ ಹಿಂಭಾಗವನ್ನು ಏರಿ ಗಾಳಿಗೆ ಹಾರಿ, ಎಡಬದಿಯ ದಿಣ್ಣೆಗೆ ಅಪ್ಪಳಿಸಿತು. ಲೆವೆಗ್ ಹೊರಕ್ಕೆಸೆಯಲ್ಪಟ್ಟು ಅಲ್ಲೇ ಸತ್ತ. ಕಾರು ಒಡೆದು ಹೋಳಾಯಿತು. ಇಂಜಿನು, ಮುಂದಿನ ಅಚ್ಚು, ಬಾನೆಟ್ಟಿನ ತಗಡು ಇವು ಜನರ ನಡುವೆ ನುಗ್ಗಿದುವು. ಏನು ಬಂತೆಂದು ತಿಳಿಯುವ ಮೊದಲೇ ಜನ ಬಿದ್ದರು. ಕಾರನ್ನು ಹಗುರ ಮಾಡಲು ಮೆಗ್ನೀಸಿಯಂ ಮಿಶ್ರಲೋಹದಿಂದ ಅದರ ಮೈ ಮಾಡಿದ್ದರು. ಅದು ಬಿಳಿಯ ಉರಿಯಾಗಿ ಹೊತ್ತಿತು. ಉರಿಯುವ ಮೆಗ್ನೀಸಿಯಂಗೆ ನೀರು ಸುರಿದರೆ ಬೆಂಕಿ ಹೆಚ್ಚುತ್ತದೆಯೇ ಹೊರತು ಆರುವುದಿಲ್ಲ. ಓಡಿ ಬಂದವರು ನೀರನ್ನೇ ಸುರಿದರು. ಗಂಟೆಗಟ್ಟಲೆ ಅದು ಉರಿಯಿತು. ಎಂಬತ್ತಕ್ಕೂ ಹೆಚ್ಚು ಪ್ರೇಕ್ಷಕರು ಸತ್ತರು, ನೂರಕ್ಕೂ ಮಿಕ್ಕಿ ಗಾಯಗೊಂಡರು. ಮೋಟಾರು ಓಟದ ಚರಿತ್ರೆಯಲ್ಲಿ ಇಂದಿಗೂ ಇದಕ್ಕಿಂತ ದೊಡ್ಡ ದುರಂತವಿಲ್ಲ.

ಲೆವೆಗನ ನಂತರ ಕಾರು ಹಿಡಿಯಬೇಕಾಗಿದ್ದ ಫಿಚ್ ಆಗ ಪಿಟ್ ತಾಣದ ಬಳಿ, ಲೆವೆಗನ ಹೆಂಡತಿಯ ಜತೆಯಲ್ಲೇ ಇದ್ದ. ಗಂಡನ ಸಾವನ್ನು ಆಕೆ ತಿಳಿದದ್ದು ಅಲ್ಲಿಯೇ.

ಓಟವನ್ನು ನಿಲ್ಲಿಸಲಿಲ್ಲ. ಇದು ಕ್ರೌರ್ಯವೆಂದು ಅಂದೂ ಹಲವರಿಗೆ ತೋರಿತು. ಆದರೆ ಎರಡೂವರೆ ಲಕ್ಷ ಜನ ಒಮ್ಮೆಗೇ ಮನೆಗೆ ಹೊರಟರೆ ರಸ್ತೆಗಳೆಲ್ಲ ಕಟ್ಟಿಹೋಗಿ ಗಾಯಾಳುಗಳನ್ನು ಸಾಗಿಸುವ ವಾಹನಗಳು ಸಿಕ್ಕಿಹಾಕಿಕೊಳ್ಳುತ್ತವೆಂದು ನಡೆಸುವವರು ಸಮರ್ಥಿಸಿಕೊಂಡರು. ಈ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಆಂಬುಲೆನ್ಸಿಗೆಂದೇ ಬೇರೆ ದಾರಿಯನ್ನು ಮೊದಲೇ ಬಿಟ್ಟಿದ್ದರೆ ಇಂಥ ಆಯ್ಕೆಯ ಮುಂದೆ ನಿಲ್ಲಬೇಕಾಗಿಯೇ ಇರಲಿಲ್ಲ ಎಂದು ನಮಗೆ ತೋರುತ್ತದೆ. ನಡುರಾತ್ರಿ ಕಳೆದ ಮೇಲೆ ಜರ್ಮನಿಯಿಂದ ಅಪ್ಪಣೆ ಬಂದು ಮರ್ಸಿಡಿಸ್ ಕಾರುಗಳು ಮುಂದಿದ್ದರೂ ಓಟದಿಂದ ಹಿಂದೆ ಸರಿದುವು. ಮರುದಿನ ಸಂಜೆ ಹಾಥಾರ್ನ್ ಮತ್ತು ಆತನ ಜತೆಗಾರ ಬ್ಯೂಬ್ ಗೆದ್ದರು.

ತಪ್ಪು ಯಾರದು?

ಮರುದಿನದಿಂದಲೇ ತಪ್ಪಿತಸ್ಥನ ಹುಡುಕಾಟ ಆರಂಭವಾಯಿತು. ಹಾಥಾರ್ನ್ ಅಡ್ಡ ಬಂದನೆಂದು ಕೆಲವರು; ಮ್ಯಾಕ್ಲಿನ್ ನೋಡದೆ ತಿರುಗಿದನೆಂದು ಕೆಲವರು; ವಯಸ್ಸಾದ ಲೆವೆಗನಿಗೆ ಅಂಥ ಕಾರನ್ನು ಕೊಟ್ಟದ್ದೇ ತಪ್ಪೆಂದು ಮತ್ತೆ ಕೆಲವರು. ಸತ್ತವನು ಉತ್ತರ ಕೊಡಲಾರ. 1958ರಲ್ಲಿ ಹಾಥಾರ್ನ್ ಬರೆದ ಆತ್ಮಕಥೆಯಿಂದ ನೊಂದು ಮ್ಯಾಕ್ಲಿನ್ ನ್ಯಾಯಾಲಯಕ್ಕೆ ಹೋದ. ಆ ವ್ಯಾಜ್ಯ ತೀರುವ ಮೊದಲೇ, 1959ರ ಜನವರಿಯಲ್ಲಿ, ಹಾಥಾರ್ನ್ ಇಂಗ್ಲೆಂಡಿನ ಸಾಮಾನ್ಯ ರಸ್ತೆಯೊಂದರಲ್ಲಿ ಕಾರು ಅಪಘಾತಕ್ಕೆ ಬಲಿಯಾದ.

ಅಧಿಕೃತ ವಿಚಾರಣೆ ಮಾತ್ರ ಯಾವ ಚಾಲಕನ ಮೇಲೂ ತಪ್ಪು ಹೊರಿಸಲಿಲ್ಲ. ಆ ವೇಗಕ್ಕೆ ಆ ರಸ್ತೆಯೂ ಅಲ್ಲಿಯ ರಕ್ಷಣಾ ಏರ್ಪಾಡೂ ಸಾಲದಾಗಿದ್ದುವು ಎಂಬುದೇ ಅದರ ಸಾರ. ಮೂವರು ಚಾಲಕರೂ ಮಾಡಿದ್ದು ಓಟದಲ್ಲಿ ದಿನವೂ ನಡೆಯುವಂಥದ್ದನ್ನೇ. ಒಬ್ಬ ನಿಧಾನಿಸಿದ, ಒಬ್ಬ ತಪ್ಪಿಸಿಕೊಂಡ, ಒಬ್ಬನಿಗೆ ತಪ್ಪಿಸಿಕೊಳ್ಳಲು ಜಾಗ ಸಾಲಲಿಲ್ಲ. ಚಾಲಕ ತಪ್ಪು ಮಾಡಿಯೇ ಮಾಡುತ್ತಾನೆ ಎಂದು ತಿಳಿದು ಬಯಲನ್ನು ಸಿದ್ಧಪಡಿಸಬೇಕಾದುದು ನಡೆಸುವವರ ಕೆಲಸ. ನಮ್ಮ ದೃಷ್ಟಿಯಲ್ಲಿ ಲೆವೆಗನ ಬದುಕಿನಿಂದ ಕಲಿಯಬೇಕಾದ ಮುಖ್ಯ ಸಂಗತಿ ಇದೇ.

ಆ ವರ್ಷ ಫ್ರಾನ್ಸ್, ಜರ್ಮನಿ, ಸ್ವಿಟ್ಸರ್ಲೆಂಡ್, ಸ್ಪೈನ್ ದೇಶಗಳ ದೊಡ್ಡ ಓಟಗಳು ರದ್ದಾದುವು. ಸ್ವಿಟ್ಸರ್ಲೆಂಡ್ ತನ್ನ ನೆಲದಲ್ಲಿ ಸುತ್ತು ಓಟವನ್ನೇ ನಿಷೇಧಿಸಿತು. ಅರುವತ್ತು ವರ್ಷಗಳಷ್ಟು ಕಾಲ ಆ ನಿಷೇಧ ಉಳಿದಿತ್ತು. ಮರ್ಸಿಡಿಸ್ ಕಂಪೆನಿ ಆ ವರ್ಷಾಂತ್ಯಕ್ಕೆ ಓಟದಿಂದ ಹೊರನಡೆದು ಸುಮಾರು ಮೂವತ್ತು ವರ್ಷ ಹಿಂದಿರುಗಲಿಲ್ಲ. ಲೆ ಮಾನ್‌ನಲ್ಲಿ ಹಳೆಯ ಪಿಟ್ ಕಟ್ಟಡವನ್ನು ಕೆಡವಿ, ರಸ್ತೆಯನ್ನು ಅಗಲಗೊಳಿಸಿ, ಪ್ರೇಕ್ಷಕರನ್ನು ಹಿಂದಕ್ಕೂ ಎತ್ತರಕ್ಕೂ ಸರಿಸಿದರು.

ಎಲ್ಲ ಕಡೆ ಪಾಠ ಕಲಿತರೆಂದಲ್ಲ. 1957ರಲ್ಲಿ ಇಟೆಲಿಯ ಸಾವಿರ ಮೈಲು ಓಟದಲ್ಲಿ ಕಾರೊಂದು ರಸ್ತೆಬದಿಯ ಜನರ ಮೇಲೆ ಹಾರಿ ಮಕ್ಕಳೂ ಸೇರಿದಂತೆ ಹಲವರು ಸತ್ತ ಮೇಲೆಯೇ ಆ ಓಟ ನಿಂತದ್ದು. 1961ರಲ್ಲಿ ಅದೇ ದೇಶದ ಮೋಂಜಾದಲ್ಲಿ ಮತ್ತೆ ಪ್ರೇಕ್ಷಕರು ಬಲಿಯಾದರು.

ಇನ್ನು ಜಾನ್ ಫಿಚ್. ಆ ಸಂಜೆಯನ್ನು ಆತ ಮರೆಯಲಿಲ್ಲ. ಅಮೆರಿಕಕ್ಕೆ ಹಿಂದಿರುಗಿ, ಡಿಕ್ಕಿ ಹೊಡೆದ ವಾಹನ ಪುಡಿಯಾಗದೆ ಮೆಲ್ಲನೆ ನಿಲ್ಲುವಂತೆ ಮಾಡುವುದು ಹೇಗೆ ಎಂಬ ಚಿಂತನೆಗೆ ಬದುಕಿನ ಬಹುಭಾಗವನ್ನು ಮೀಸಲಿಟ್ಟ. ಆತ ರೂಪಿಸಿದ್ದು ತೀರಾ ಸರಳವಾದ ವಸ್ತು: ಪ್ಲಾಸ್ಟಿಕಿನ ಪೀಪಾಯಿಗಳಲ್ಲಿ ಮರಳು. ಮುಂದಿನ ಪೀಪಾಯಿಗಳಲ್ಲಿ ಕಡಮೆ, ಹಿಂದಿನವುಗಳಲ್ಲಿ ಹೆಚ್ಚು. ಹೆದ್ದಾರಿಯ ಸೇತುವೆಯ ಕಂಬದ ಎದುರು ಇವನ್ನು ಸಾಲಾಗಿ ಇಟ್ಟರೆ ದಾರಿ ತಪ್ಪಿ ಬಂದ ಕಾರು ಒಂದೊಂದನ್ನೇ ಒಡೆಯುತ್ತ ವೇಗ ಕಳೆದುಕೊಂಡು ನಿಲ್ಲುತ್ತದೆ. ಆತನ ಹೆಸರಿನಿಂದಲೇ ಕರೆಯಲಾಗುವ ಆ ತಡೆಯಿಂದ ಅಮೆರಿಕದ ರಸ್ತೆಗಳಲ್ಲಿ ಅಸಂಖ್ಯ ಜೀವಗಳು ಉಳಿದಿವೆ. ಫಿಚ್ 2012ರಲ್ಲಿ, 95ನೆಯ ವಯಸ್ಸಿನಲ್ಲಿ ನಿಧನ ಹೊಂದಿದ.

ನಮ್ಮ ಬಯಲುಗಳು

ಇದೆಲ್ಲ ದೂರದ ಫ್ರಾನ್ಸಿನ ಕಥೆಯೆಂದು ಮಗುಚಿ ಇಡುವಂತಿಲ್ಲ. 2019ರಲ್ಲಿ ರಾಜಸ್ಥಾನದ ಬಾಡಮೇರ ಜಿಲ್ಲೆಯಲ್ಲಿ ಕಾರು ರ‍್ಯಾಲಿ ನಡೆಯುತ್ತಿದ್ದ ದಾರಿಗೆ ಬೈಕಿನಲ್ಲಿ ಬಂದ ಒಂದೇ ಕುಟುಂಬದ ಮೂವರು ಸತ್ತರು. 2023ರಲ್ಲಿ ಪಂಜಾಬಿನ ಗ್ರಾಮೀಣ ಮೇಳವೊಂದರಲ್ಲಿ ಟ್ರ್ಯಾಕ್ಟರಿನ ಸಾಹಸ ಪ್ರದರ್ಶಿಸುತ್ತಿದ್ದ ಯುವಕ ತನ್ನ ಟ್ರ್ಯಾಕ್ಟರಿನ ಅಡಿಗೇ ಸಿಕ್ಕಿ ಸತ್ತ. ಆ ರಾಜ್ಯದ ಸರಕಾರ ಅಂಥ ಪ್ರದರ್ಶನಗಳನ್ನು ನಿಷೇಧಿಸಿತು.

ಮೋಟಾರಿಲ್ಲದ ಬಯಲಿನಲ್ಲೂ ಇದೇ ಕಥೆ. 2019ರ ಅಕ್ಟೋಬರದಲ್ಲಿ ನಮ್ಮದೇ ರಾಜ್ಯದ ಪಾಲಾದಲ್ಲಿ ನಡೆದ ಕ್ರೀಡಾಕೂಟದಲ್ಲಿ, ಸ್ವಯಂಸೇವಕನಾಗಿ ನಿಂತಿದ್ದ ಪ್ಲಸ್ ವನ್ ವಿದ್ಯಾರ್ಥಿಯೊಬ್ಬ ಹ್ಯಾಮರ್ ಎಸೆತದ ಗುಂಡು ತಾಗಿ ಕೆಲವು ದಿನಗಳ ನಂತರ ತೀರಿಕೊಂಡ. ಭರ್ಜಿ ಎಸೆತ, ಹ್ಯಾಮರ್ ಎಸೆತ ಒಂದೇ ಮೈದಾನದಲ್ಲಿ ಏಕಕಾಲಕ್ಕೆ ನಡೆಯುತ್ತಿದ್ದುವು. 2024ರ ಅಕ್ಟೋಬರ 28ರ ರಾತ್ರಿ ನಮ್ಮ ಜಿಲ್ಲೆಯ ನೀಲೇಶ್ವರದಲ್ಲಿ ತೆಯ್ಯಂ ನೋಡಲು ಸೇರಿದ ಜನರ ಹತ್ತಿರವೇ ಇಟ್ಟಿದ್ದ ಸುಡುಮದ್ದು ಸಿಡಿದು ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಕೆಲವರು ಆಮೇಲೆ ಆಸ್ಪತ್ರೆಗಳಲ್ಲಿ ತೀರಿಕೊಂಡರು. ಈ ಪತ್ರಿಕೆಯ ವಾಚಕರಲ್ಲಿ ಆ ರಾತ್ರಿ ನಿದ್ದೆಗೆಟ್ಟವರು ಎಷ್ಟೋ ಜನ.

ಆಟ, ಉತ್ಸವ, ಕಂಬಳ, ಶರ್ಯತ್ತು ಯಾವುದೂ ಬೇಡವೆಂದು ನಾವು ಹೇಳುವುದಿಲ್ಲ. ಅವಿಲ್ಲದೆ ಊರು ಊರಾಗದು. ಆದರೆ ನಡೆಸುವ ಸಮಿತಿಯವರು ಕೆಲವು ಸಂಗತಿಗಳನ್ನು ಮೊದಲೇ ನಿರ್ಧರಿಸಬೇಕು. ಹಗ್ಗವೆಂಬುದು ಗುರುತು ಮಾತ್ರ, ತಡೆಯಲ್ಲ. ವಾಹನ ಓಡುವಲ್ಲಿ ಮಣ್ಣಿನ ದಿಣ್ಣೆಯೋ ಮರಳು ಚೀಲಗಳ ಸಾಲೋ ಇರಬೇಕು, ಅದರಾಚೆ ಸಾಕಷ್ಟು ಖಾಲಿ ಜಾಗ ಬಿಟ್ಟು ಜನ ನಿಲ್ಲಬೇಕು. ತಿರುವಿನ ಹೊರಬದಿಯಲ್ಲೂ ನೇರ ದಾರಿ ಮುಗಿಯುವಲ್ಲಿಯೂ ಯಾರನ್ನೂ ನಿಲ್ಲಿಸಬಾರದು. ಹಿಡಿತ ತಪ್ಪಿದ್ದು ಬರುವುದು ಅಲ್ಲಿಗೇ. ಕಂಬಳದ ಮಂಜೊಟ್ಟಿಯಲ್ಲಿ ಕೋಣಗಳು ಏರಿ ಬರುವಾಗ ಅನುಭವಸ್ಥರು ಮಕ್ಕಳನ್ನು ಬದಿಗೆ ಸರಿಸುವುದು ಇದೇ ಕಾರಣಕ್ಕೆ. ಆಂಬುಲೆನ್ಸ್ ಬಂದು ಹೋಗಲು ಒಂದು ದಾರಿಯನ್ನು ಅಂಗಡಿ, ವಾಹನ, ಜನ ಯಾವುದಕ್ಕೂ ಬಿಟ್ಟುಕೊಡಬಾರದು. ಎಂಥ ಬೆಂಕಿಗೆ ಏನು ಹಾಕಬೇಕೆಂದು ತಿಳಿದವನೊಬ್ಬ ಬಯಲಿನಲ್ಲೇ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಜನ ಒಳನುಗ್ಗಿದಾಗ ಆಟ ನಿಲ್ಲಿಸಿ ಎಂದು ಹೇಳುವ ಅಧಿಕಾರ ಒಬ್ಬನಿಗಿರಬೇಕು; ಆತ ಹೇಳಿದರೆ ಊರಿನ ದೊಡ್ಡವರೂ ಕೇಳಬೇಕು.

ನೋಡಲು ಹೋಗುವ ನಮ್ಮ ಹೊಣೆಯೂ ಇದೆ. ಲೆ ಮಾನ್‌ನಲ್ಲಿ ಏಣಿ ಹತ್ತಿ ನಿಂತವರು ಮೂರ್ಖರಲ್ಲ. ನಮ್ಮ ಹಾಗೆಯೇ ಇನ್ನೂ ಸ್ವಲ್ಪ ಚೆನ್ನಾಗಿ ಕಾಣಲಿ ಎಂದು ಬಯಸಿದವರು. ಈಗ ಏಣಿಯ ಬದಲು ಕೈಯಲ್ಲಿ ಮೊಬೈಲು. ಅದರ ಪುಟ್ಟ ಪರದೆಯಲ್ಲಿ ದೂರವಿದ್ದಂತೆ ಕಾಣುವುದು ನಿಜವಾಗಿ ಎರಡು ಮಾರು ದೂರದಲ್ಲಿ ಇರುತ್ತದೆ ಎಂಬುದನ್ನು ಮಕ್ಕಳಿಗೆ ಮನೆಯಲ್ಲೂ ಶಾಲೆಯಲ್ಲೂ ಹೇಳಿಕೊಡಬೇಕು.

ಉತ್ತೂರದ ಆ ಸಂಜೆ ಹುಡುಗನ ಅಂಗಿ ಹಿಡಿದೆಳೆದ ಮುದುಕರ ಹೆಸರನ್ನು ನಾವು ಕೇಳಿಕೊಳ್ಳಲಿಲ್ಲ. ಹೊರಡುವ ದಿನ ವಿಚಾರಿಸಿದೆವು. ಅವರು ಆ ಊರಿನವರಲ್ಲ, ಶರ್ಯತ್ತು ನೋಡಲು ಎಲ್ಲಿಂದಲೋ ಬಂದವರು ಎಂದರು. ಎಲ್ಲ ಬಯಲುಗಳಲ್ಲೂ ಅಂಥ ಒಬ್ಬರು ಪಕ್ಕದಲ್ಲಿ ನಿಂತಿರುತ್ತಾರೆಂಬ ಭರವಸೆಯಿಲ್ಲ. ನಮ್ಮ ಶಾಲೆಯ ಮುಂದಿನ ಕ್ರೀಡಾಕೂಟಕ್ಕೆ ಎಸೆತದ ಸ್ಪರ್ಧೆಗಳನ್ನು ಬೇರೆ ಹೊತ್ತಿಗೆ ಇಟ್ಟುಕೊಳ್ಳಬೇಕೆಂದೂ ಸುಣ್ಣದ ಗೆರೆಯನ್ನು ಕಳೆದ ವರ್ಷಕ್ಕಿಂತ ಇಪ್ಪತ್ತು ಹೆಜ್ಜೆ ಹಿಂದಕ್ಕೆ ಎಳೆಯಬೇಕೆಂದೂ ಅಧ್ಯಾಪಕರ ಸಭೆಯಲ್ಲಿ ಹೇಳಲಿದ್ದೇವೆ. ಮಕ್ಕಳು ಸರಿಯಾಗಿ ಕಾಣುವುದಿಲ್ಲವೆಂದು ಗೊಣಗುವುದು ಖಂಡಿತ. ಗೊಣಗಲಿ.